ರಂಗದ ದೊರೆ, ಕಾಗದದ ದೊರೆ

ನಮ್ಮ ಸೀಮೆಯು ನಾಟಕಪ್ರಿಯರ ಸೀಮೆಯೆಂಬುದನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಬಳ್ಳಾರಿ ರಾಘವರ ಹೆಸರು ದೇಶದಲ್ಲೆಲ್ಲ ಹರಡಿದುದು ಇಲ್ಲಿಯ ರಂಗದಿಂದಲೇ. ಸುಗ್ಗಿ ಮುಗಿದು ಜಾತ್ರೆಗಳು ತೊಡಗಿದುವೆಂದರೆ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿಗಳ ಸುತ್ತಣ ಊರುಗಳಲ್ಲಿ ಹಂದರವೆದ್ದು, ಬಯಲಾಟವೋ ಕಂಪನಿಯ ಮಾದರಿಯ ನಾಟಕವೋ ಬೆಳಗಿನ ಜಾವದ ತನಕ ನಡೆಯದೆ ಇರುವುದಿಲ್ಲ. ಈಗ ಆ ಹಂದರಕ್ಕೆ ಟೆಲಿವಿಷನ್ನಿನ ಧಾರಾವಾಹಿಗಳೂ ಕೈಯೊಳಗಣ ಫೋನಿನ ಚಿತ್ರಗಳೂ ಪೈಪೋಟಿಯಾಗಿ ನಿಂತಿವೆ. ಹೀಗಿರಲು, ಈ ಎಲ್ಲ ರಂಗಗಳಲ್ಲಿಯೂ ಪದೇ ಪದೇ ಬಂದುಹೋಗುವ ಒಂದು ಪಾತ್ರವನ್ನು ಕುರಿತು ನಾಲ್ಕು ಮಾತುಗಳನ್ನು ನಿಷ್ಠುರವಾಗಿಯೇ ಆಡಬೇಕೆಂದಿದ್ದೇನೆ. ಆ ಪಾತ್ರವು ಇಂಗ್ಲಿಷ್ ದೊರೆಯದು. ಎಂದರೆ ನಮ್ಮನ್ನು ಆಳಿದ ಗವರ್ನರು, ರೆಸಿಡೆಂಟು, ಪೊಲಿಟಿಕಲ್ ಏಜೆಂಟು, ಕಲೆಕ್ಟರು ಇವರದು.

ನಮ್ಮ ರಂಗದ ದೊರೆಯನ್ನು ಎಲ್ಲರೂ ಬಲ್ಲರು. ಕೆಂಪು ಕೋಟು, ಮೊಣಕಾಲಿನವರೆಗಿನ ಬೂಟು, ಕೈಯಲ್ಲೊಂದು ಬೆತ್ತ, ಮುಖಕ್ಕೆ ಬಳಿದ ಬಿಳಿಯ ಬಣ್ಣ. ತಕಾರವನ್ನೆಲ್ಲ ಟಕಾರ ಮಾಡಿ, ಹೆಂಗಸನ್ನು ಗಂಡಸೆಂದೂ ಗಂಡಸನ್ನು ಹೆಂಗಸೆಂದೂ ಕರೆಯುವ ಅರೆಗನ್ನಡ. ರಂಗಕ್ಕೆ ಬಂದೊಡನೆ ಕೂಗುವನು, ಕಪ್ಪವನ್ನು ಕೇಳುವನು, ಯಾರನ್ನೋ ಒದೆಯುವನು, ನಾಯಕನಿಂದಲೋ ನಾಯಿಕೆಯಿಂದಲೋ ಒಂದು ದೀರ್ಘವಾದ ಬೈಗುಳನ್ನು ಕೇಳಿಸಿಕೊಳ್ಳುವನು, ಕಡೆಗೆ ಗುಂಡಿಗೋ ಕತ್ತಿಗೋ ಬೀಳುವನು. ಪ್ರೇಕ್ಷಕರು ಚಪ್ಪಾಳೆ ತಟ್ಟುವರು. ಇದಕ್ಕೆ ತದ್ವಿರುದ್ಧವಾಗಿ, ಇಂಗ್ಲೆಂಡಿನವರು ತಮ್ಮ ಟೆಲಿವಿಷನ್ನಿಗಾಗಿ ತಾವೇ ರಚಿಸುವ ಧಾರಾವಾಹಿಗಳಲ್ಲಿ ಇದೇ ದೊರೆಯು ಸುಶೀಲನು, ಮಿತಭಾಷಿ, ಕರ್ತವ್ಯದ ಭಾರದಿಂದ ನಿಟ್ಟುಸಿರಿಡುವವನು. ಒಂದರಲ್ಲಿ ಕಿರಾತ, ಇನ್ನೊಂದರಲ್ಲಿ ಸಂತ. ಎರಡೂ ಸುಳ್ಳು. ಎರಡೂ ಒಂದೇ ಸತ್ಯವನ್ನು ಮರೆಮಾಚುತ್ತವೆಂಬುದೇ ನನ್ನ ವಾದವು. ಆ ಸತ್ಯವೇನೆಂದರೆ, ಈ ದೇಶವನ್ನು ಇಂಗ್ಲಿಷರು ಗೆದ್ದುದು ಕೂಗಿನಿಂದಲ್ಲ, ಬರಿಯ ಕತ್ತಿಯಿಂದಲೂ ಅಲ್ಲ. ಕಾಗದದಿಂದ, ಮುದ್ರೆಯಿಂದ, ವಿನಯದ ಮಾತಿನಿಂದ.

ಮೊದಲು ನಮ್ಮವರ ತಪ್ಪನ್ನೇ ನೋಡೋಣ. ಮನೆಯ ಕಸವನ್ನು ಗುಡಿಸಿದ ಮೇಲೆ ಬೀದಿಯ ಮಾತು. ಕಾವ್ಯದಲ್ಲಿ ಶತ್ರುವನ್ನು ಹೇಗೆ ಚಿತ್ರಿಸತಕ್ಕದ್ದೆಂಬ ಪ್ರಶ್ನೆಯು ನಮ್ಮ ಪೂರ್ವಿಕರಿಗೆ ತೋಚದ ಪ್ರಶ್ನೆಯಲ್ಲ. ದಂಡಿಯು ತನ್ನ ಕಾವ್ಯಾದರ್ಶದ ಮೊದಲನೆಯ ಪರಿಚ್ಛೇದದಲ್ಲಿಯೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಶತ್ರುವಿನ ಕುಲ, ಪರಾಕ್ರಮ, ವಿದ್ಯೆ ಮುಂತಾದುವನ್ನು ಮೊದಲು ವರ್ಣಿಸಿ, ಅಂಥವನನ್ನು ಗೆದ್ದನೆಂದು ಹೇಳಿ ನಾಯಕನ ಉತ್ಕರ್ಷವನ್ನು ತೋರಿಸುವುದೂ ರಸಿಕರಿಗೆ ಸಂತೋಷವನ್ನುಂಟುಮಾಡುವುದೆಂಬುದು ಅವನ ಮತ. ಇದು ಔದಾರ್ಯದ ಮಾತಲ್ಲ, ಲೆಕ್ಕದ ಮಾತು. ಹುಲಿಯನ್ನು ಕೊಂದವನು ವೀರನು. ಇಲಿಯನ್ನು ಕೊಂದವನನ್ನು ಯಾರೂ ವೀರನೆನ್ನರು.

ನಮ್ಮ ಕನ್ನಡ ಕವಿಗಳೂ ಈ ಲೆಕ್ಕವನ್ನು ಬಲ್ಲವರಾಗಿದ್ದರು. ರನ್ನನು ಗದಾಯುದ್ಧದಲ್ಲಿ ಭೀಮನನ್ನು ನಾಯಕನನ್ನಾಗಿ ಮಾಡಿಕೊಂಡರೂ, ದುರ್ಯೋಧನನ ಛಲವನ್ನೂ ಗೆಳೆಯನಿಗಾಗಿ ಅವನು ಪಡುವ ಶೋಕವನ್ನೂ ಓದಿದವರ ಮನಸ್ಸು ಕೌರವನ ಕಡೆಗೆ ಎಷ್ಟೋ ಬಾರಿ ಒಲಿಯುವುದು. ನಾಗಚಂದ್ರನ ರಾವಣನು ಮಹಾಪುರುಷನೇ; ಒಂದು ತಪ್ಪಿನಿಂದ ಕೆಟ್ಟವನು. ಅಷ್ಟು ದೂರವೇಕೆ? ನಮ್ಮ ದೊಡ್ಡಾಟದಲ್ಲಿ ರಕ್ಕಸನ ಪಾತ್ರವು ರಂಗಕ್ಕೆ ಬರುವ ಠೀವಿಯನ್ನು ನೋಡಿರಿ. ಭಾರಿಯ ಕಿರೀಟ, ಭುಜಕೀರ್ತಿ, ಗಂಭೀರವಾದ ಹೆಜ್ಜೆ, ಮದ್ದಳೆಯ ಅಬ್ಬರ. ಅಕ್ಷರ ಬಾರದ ಭಾಗವತನಿಗೂ ಎದುರಾಳಿಗೆ ಸಲ್ಲಬೇಕಾದ ಮರ್ಯಾದೆಯು ತಿಳಿದಿದೆ. ರಾವಣನಿಗೂ ದುರ್ಯೋಧನನಿಗೂ ಕೊಟ್ಟ ಮರ್ಯಾದೆಯನ್ನು ಇಂಗ್ಲಿಷ್ ದೊರೆಗೆ ಮಾತ್ರ ನಾವೇಕೆ ಕೊಡಲಿಲ್ಲ? ಅವನ ಮೇಲಣ ಸಿಟ್ಟಿನಿಂದಲೆಂದು ಕೆಲವರು ಹೇಳಿಯಾರು. ನನಗೆ ತೋರುವ ಮಟ್ಟಿಗೆ ಅದು ಸಿಟ್ಟಲ್ಲ, ಸೋಮಾರಿತನ. ಸಿಟ್ಟಿರುವವನು ಶತ್ರುವನ್ನು ದಿಟ್ಟಿಸಿ ನೋಡುವನು. ನಾವು ನೋಡಿಯೇ ಇಲ್ಲ.

ಕಿತ್ತೂರಿನ ಕಥೆಯನ್ನೇ ತೆಗೆದುಕೊಳ್ಳೋಣ. ಕನ್ನಡ ರಂಗದಲ್ಲಿ ಇಂಗ್ಲಿಷ್ ದೊರೆಯು ಅತ್ಯಂತ ಹೆಚ್ಚಾಗಿ ಸತ್ತಿರುವುದು ಆ ಕಥೆಯಲ್ಲಿಯೇ. ಸಂಚಾರಿ ಕಂಪನಿಗಳು ಅದನ್ನು ಆಡಿದುವು. ಶಾಲೆಯ ಮಕ್ಕಳು ಇಂದಿಗೂ ಆಡುತ್ತಿದ್ದಾರೆ. 1961ರಲ್ಲಿ ಬಿ. ಆರ್. ಪಂತುಲು ಅವರು ಬಿ. ಸರೋಜಾದೇವಿಯವರಿಂದ ಚೆನ್ನಮ್ಮನ ಪಾತ್ರವನ್ನು ಮಾಡಿಸಿ ತೆಗೆದ ಚಿತ್ರವು ಟೆಲಿವಿಷನ್ನಿನಲ್ಲಿ ಬಂದಾಗಲೆಲ್ಲ ಮನೆಮಂದಿಯೆಲ್ಲ ಕುಳಿತು ನೋಡುವರು. 2012ರಲ್ಲಿ ಸಂಗೊಳ್ಳಿ ರಾಯಣ್ಣನ ಚಿತ್ರವೂ ಬಂದಿತು. ಈ ಎಲ್ಲದರಿಂದ ನಮ್ಮ ಮಕ್ಕಳ ಬಾಯಿಯಲ್ಲಿ ಉಳಿದಿರುವುದು ಒಂದೇ ಮಾತು: ಕಪ್ಪ. ದೊರೆಯು ಕಪ್ಪ ಕೇಳಿದನು, ರಾಣಿಯು ಕೊಡುವುದಿಲ್ಲವೆಂದಳು, ಯುದ್ಧವಾಯಿತು.

ಚರಿತ್ರೆಯು ಬೇರೆ. 1818ರಲ್ಲಿ ಪೇಶ್ವೆಯ ಆಳ್ವಿಕೆಯು ಮುಗಿದಾಗ ಕಿತ್ತೂರಿನ ದೇಸಾಯಿಯು ಇಂಗ್ಲಿಷರಿಗೆ ನೆರವಾಗಿದ್ದನು. ಸಂಸ್ಥಾನವು ಅವನಿಗೇ ಉಳಿದು, ವರ್ಷಕ್ಕೆ ಕೊಡತಕ್ಕ ಕಪ್ಪವೂ ಆಗಲೇ ಗೊತ್ತಾಗಿದ್ದಿತು. ವಿವಾದವು ಹುಟ್ಟಿದುದು ಕಪ್ಪದಿಂದಲ್ಲ, ಒಂದು ದತ್ತಕದ ಕಾಗದದಿಂದ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಮರಣಕ್ಕೆ ಮುಂಚೆ ಮಾಸ್ತಮರಡಿಯ ಗೌಡನ ಮಗನನ್ನು ದತ್ತು ತೆಗೆದುಕೊಂಡನೆಂದು ಧಾರವಾಡಕ್ಕೆ ಕಾಗದ ಹೋಯಿತು. ಧಾರವಾಡದ ಪ್ರಧಾನ ಕಲೆಕ್ಟರೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಯು ಆ ಕಾಗದವನ್ನು ಸಂಶಯದಿಂದ ನೋಡಿದನು. ಬರೆದುದು ಯಾವಾಗ, ರುಜು ಯಾರದು, ಅಪ್ಪಣೆಯಿಲ್ಲದೆ ದತ್ತು ಹೇಗೆ ಎಂದು ಕೇಳಿದನು. ಮೇಲಣ ಅಪ್ಪಣೆ ಬರುವವರೆಗೆ ಎಂದು ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟನು. ಅವನ ಮೇಲೆ ಪುಣೆಯಲ್ಲಿ ಕಮೀಷನರ್ ಚಾಪ್ಲಿನ್ನನು. ಚಾಪ್ಲಿನ್ನನ ಮೇಲೆ ಮುಂಬಯಿಯಲ್ಲಿ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನು. ಈ ಮೂರು ಮೇಜುಗಳ ನಡುವೆ ಕಾಗದಗಳು ಓಡಾಡುತ್ತಿದ್ದ ಕಾಲದಲ್ಲಿಯೇ, ಒಂದು ಸಂಸ್ಥಾನದ ಪ್ರಾಣವು ಹೋಗುತ್ತಿದ್ದಿತು. ಅಕ್ಟೋಬರ್ 23ರಂದು ಕಿತ್ತೂರಿನವರು ಕೋಟೆಯ ಬಾಗಿಲನ್ನು ಮುಚ್ಚಿದರು. ಬಾಗಿಲನ್ನು ಒಡೆಯಲು ಹೊರಟ ಥ್ಯಾಕರೆಯು ಹತನಾದನು. ರಂಗದ ಮೇಲೆ ನಾವು ತೋರಿಸುವುದು ಈ ಕಡೆಯ ದಿನವೊಂದನ್ನೇ. ಅದರ ಹಿಂದಣ ಆರು ವಾರಗಳ ರಾಜಕಾರಣಕ್ಕೆ ನಮ್ಮ ನಾಟಕದಲ್ಲಿ ಸ್ಥಳವಿಲ್ಲ.

ಹಾಗಾದರೆ ಕಪ್ಪದ ಕೂಗು ಎಲ್ಲಿಂದ ಬಂದಿತು? ಪಂತುಲು ಅವರೇ 1959ರಲ್ಲಿ ತಮಿಳಿನಲ್ಲಿ ವೀರಪಾಂಡ್ಯ ಕಟ್ಟಬೊಮ್ಮನ್ ಎಂಬ ಚಿತ್ರವನ್ನು ತೆಗೆದಿದ್ದರು. ಅಲ್ಲಿ ಕಟ್ಟಬೊಮ್ಮನು ಕಲೆಕ್ಟರ್ ಜಾಕ್ಸನ್ನನಿಗೆ ಕೊಡುವ ಉತ್ತರವು ತಮಿಳುನಾಡಿನಲ್ಲಿ ಮನೆಮಾತಾಗಿದೆ. ಎರಡು ಚಿತ್ರಗಳನ್ನೂ ನೋಡಿದವರಿಗೆ ಹೋಲಿಕೆಯು ತಾನಾಗಿಯೇ ತೋರುವುದು. ಆದರೆ ಪಾಂಚಾಲಂಕುರಿಚಿಯಲ್ಲಿ ಜಗಳವು ನಿಜವಾಗಿಯೂ ಬಾಕಿಯ ಕಪ್ಪದ ವಿಷಯವಾಗಿಯೇ ಇದ್ದಿತು. ಜಾಕ್ಸನ್ನನು ನಿಜವಾಗಿಯೂ ಒರಟನು. ಅವನ ನಡತೆಯನ್ನು ಕಂಪನಿಯವರೇ ವಿಚಾರಣೆ ಮಾಡಿ ಅವನನ್ನು ಕೆಲಸದಿಂದ ತೆಗೆದರು. ಅಲ್ಲಿಗೆ ಸಲ್ಲುವ ಅಂಗಿಯನ್ನು ಇಲ್ಲಿಗೂ ತೊಡಿಸಿದರೆ ಹೊಂದುವುದು ಹೇಗೆ? ಒರಟನಾದ ದೊರೆಯನ್ನು ಕಂಪನಿಯೇ ತೆಗೆದುಹಾಕುತ್ತಿದ್ದಿತೆಂಬುದನ್ನು ಗಮನಿಸತಕ್ಕದ್ದು. ಅವರ ಕೆಲಸಕ್ಕೆ ಬೇಕಾದವರು ಕೂಗುವವರಲ್ಲ; ಬರೆಯುವವರು.

ಆ ಬರೆಯುವವರಲ್ಲಿ ಮುಖ್ಯನಾದವನು ಎಲ್ಫಿನ್‌ಸ್ಟನ್ನನು. ಸ್ಕಾಟ್ಲೆಂಡಿನ ಒಬ್ಬ ಲಾರ್ಡನ ಮಗ. ಪುಣೆಯ ಪೇಶ್ವೆಯ ದರಬಾರಿನಲ್ಲಿ ರೆಸಿಡೆಂಟನಾಗಿದ್ದು ಆ ಪೇಶ್ವೆಯ ರಾಜ್ಯವನ್ನೇ ಮುಗಿಸಿದವನು. ಗ್ರೀಕ್ ಮತ್ತು ಪಾರಸಿ ಗ್ರಂಥಗಳನ್ನು ಓದುತ್ತಿದ್ದವನು. ಮುಂದೆ 1841ರಲ್ಲಿ ಹಿಂದೂಸ್ಥಾನದ ಚರಿತ್ರೆಯನ್ನು ಬರೆದು ಪ್ರಕಟಿಸಿದವನು. ಕುಲೀನನೂ ರಾಯಭಾರಿಯೂ ವಿದ್ವಾಂಸನೂ ಒಬ್ಬನಲ್ಲಿಯೇ ಸೇರಿದ ಇಂಥ ಪಾತ್ರವು ನಾಟಕಕಾರನಿಗೆ ಇನ್ನೆಲ್ಲಿ ಸಿಕ್ಕೀತು? ದಂಡಿಯು ಹೇಳಿದ ಕುಲ, ಪರಾಕ್ರಮ, ವಿದ್ಯೆ ಮೂರೂ ಇಲ್ಲಿವೆ. ಆದರೂ ನಾನು ಕಂಡ ಯಾವ ಕಿತ್ತೂರಿನ ನಾಟಕದಲ್ಲಿಯೂ ಎಲ್ಫಿನ್‌ಸ್ಟನ್ನನೆಂಬ ಪಾತ್ರವೇ ಇರಲಿಲ್ಲ. ಥ್ಯಾಕರೆಯು ಬಾಣದ ಮೊನೆ, ಬಿಲ್ಲು ಮುಂಬಯಿಯಲ್ಲಿದ್ದಿತು. ನಾವು ಮೊನೆಯನ್ನು ಮುರಿದು ಚಪ್ಪಾಳೆ ತಟ್ಟುತ್ತೇವೆ.

ಇನ್ನೊಂದು ಸಂಗತಿ. ಆ ದಿನ ಕಿತ್ತೂರಿನವರ ಕೈಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳನ್ನು ರಾಣಿಯು ಕೊಲ್ಲಿಸಲಿಲ್ಲ, ಹಿಂಸಿಸಲಿಲ್ಲ. ಕಡೆಗೆ ಸಂಧಿಯ ಆಸೆಯಿಂದ ಬಿಡುಗಡೆಮಾಡಿದಳು. ಇದಾದ ಮೇಲೆಯೂ ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆಯ ಮೇಲೆ ಸೈನ್ಯವು ಬಿದ್ದಿತು. ಆ ಸೆರೆಯಾಳುಗಳಲ್ಲಿ ಒಬ್ಬನು ವಾಲ್ಟರ್ ಎಲಿಯಟ್. ಅವನು ಬದುಕಿ ಉಳಿದುದರಿಂದಲೇ ಮುಂದೆ ಕರ್ನಾಟಕದ ನೂರಾರು ಶಾಸನಗಳನ್ನು ಪ್ರತಿಮಾಡಿಸಿ, ಚಾಳುಕ್ಯರ ಚರಿತ್ರೆಗೆ ದಾರಿ ತೋರಿಸಿದನು. ರಾಣಿಯ ಧರ್ಮಬುದ್ಧಿಯನ್ನೂ ನೀತಿಯನ್ನೂ ತೋರಿಸಲು ಇದಕ್ಕಿಂತ ಹೆಚ್ಚಿನ ಅಂಕವುಂಟೆ? ಆದರೆ ದೊರೆಯೆಂದರೆ ಬರಿಯ ಬೊಂಬೆಯೆಂದು ತೀರ್ಮಾನಿಸಿದವರಿಗೆ ಸೆರೆಯಾದ ದೊರೆಯಿಂದ ಏನು ಪ್ರಯೋಜನ? ಬೊಂಬೆಗೆ ಸೆರೆಯಿಲ್ಲ, ಬಿಡುಗಡೆಯಿಲ್ಲ. ಹೀಗೆ ಶತ್ರುವನ್ನು ಕುಗ್ಗಿಸಹೋಗಿ ನಮ್ಮ ರಾಣಿಯನ್ನೇ ಕುಗ್ಗಿಸಿದಂತಾಯಿತು. ಅವಳು ಬರಿಯ ಕೂಗಿಗೆ ಕೂಗನ್ನು ಕೊಟ್ಟವಳಾಗಿ ಉಳಿದಳು.

ರಾಜಕಾರಣವನ್ನು ರಂಗದ ಮೇಲೆ ತೋರಿಸಿದರೆ ಜನಕ್ಕೆ ರುಚಿಸದೆಂದು ಹೇಳುವವರುಂಟು. ಅವರು ವಿಶಾಖದತ್ತನ ಮುದ್ರಾರಾಕ್ಷಸವನ್ನು ಒಮ್ಮೆ ತೆರೆದು ನೋಡಲಿ. ಅದರಲ್ಲಿ ಶೃಂಗಾರವಿಲ್ಲ, ರಂಗದ ಮೇಲೆ ಯುದ್ಧವಿಲ್ಲ. ಇರುವುದು ಒಂದು ಮುದ್ರೆಯುಂಗುರ, ಕಳುಹಿಸಿದವನ ಹೆಸರಿಲ್ಲದ ಒಂದು ಪತ್ರ, ಇಬ್ಬರು ಮಂತ್ರಿಗಳ ಬುದ್ಧಿ. ಚಾಣಕ್ಯನು ರಾಕ್ಷಸನ ಉಂಗುರದಿಂದಲೇ ಪತ್ರಕ್ಕೆ ಮುದ್ರೆಯೊತ್ತಿಸಿ, ರಾಕ್ಷಸನಿಗೂ ಮಲಯಕೇತುವಿಗೂ ನಡುವೆ ಬಿರುಕನ್ನು ಹುಟ್ಟಿಸುವನು. ಕತ್ತಿಯು ಒರೆಯಿಂದ ಹೊರಬೀಳುವ ಮೊದಲೇ ಯುದ್ಧವು ತೀರುವುದು. ಇಬ್ಬರಲ್ಲಿ ಯಾರೂ ಹೀನರಲ್ಲ. ಸೋತ ರಾಕ್ಷಸನ ಸ್ವಾಮಿಭಕ್ತಿಯನ್ನು ಗೆದ್ದ ಚಾಣಕ್ಯನೇ ಮೆಚ್ಚುವನು. ಈ ಕಥೆಯನ್ನೇ ಕೆಂಪುನಾರಾಯಣನು ಮುದ್ರಾಮಂಜೂಷವೆಂಬ ಹೆಸರಿನಿಂದ ಕನ್ನಡ ಗದ್ಯದಲ್ಲಿ ಬರೆದನು. ಯಾವಾಗ? 1823ರಲ್ಲಿ, ಕಿತ್ತೂರಿನ ಖಜಾನೆಗೆ ಮುದ್ರೆ ಬೀಳುವುದಕ್ಕೆ ಕೇವಲ ಒಂದು ವರ್ಷ ಮುಂಚೆ. ಮುದ್ರೆಯ ಮಹಿಮೆಯನ್ನು ಕನ್ನಡದಲ್ಲಿ ಓದಿದವರಿದ್ದ ಕಾಲವದು. ಆ ಓದನ್ನು ನಾವು ಪರೀಕ್ಷೆಯ ಪುಸ್ತಕಕ್ಕೆ ಕಟ್ಟಿಹಾಕಿ, ರಂಗವನ್ನು ಕೂಗಿಗೆ ಬಿಟ್ಟುಕೊಟ್ಟೆವು.

ಈಗ ನಮ್ಮ ಸ್ವಂತ ಮಣ್ಣಿನ ಮಾತು. ಹರಪನಹಳ್ಳಿ ಸೀಮೆಯು, ಬಳ್ಳಾರಿಯ ನಾಡೆಲ್ಲವೂ, ಇಂಗ್ಲಿಷರ ಕೈಸೇರಿದುದು ಹೇಗೆಂದು ನಮ್ಮ ಮಕ್ಕಳನ್ನು ಕೇಳಿದರೆ, ಯುದ್ಧದಲ್ಲೆಂದು ಹೇಳುವರು. ಅಲ್ಲ. 1800ರ ಅಕ್ಟೋಬರ್ 12ರಂದು ಹೈದರಾಬಾದಿನಲ್ಲಿ ನಿಜಾಮನಿಗೂ ಕಂಪನಿಗೂ ಒಂದು ಕರಾರಾಯಿತು. ನಿಜಾಮನ ರಕ್ಷಣೆಗೆಂದು ಕಂಪನಿಯವರು ಇರಿಸಿದ ಸೈನ್ಯದ ವೆಚ್ಚಕ್ಕೆ ಬದಲಾಗಿ, 1792ರಲ್ಲಿಯೂ 1799ರಲ್ಲಿಯೂ ಟಿಪ್ಪುವಿನ ರಾಜ್ಯದಿಂದ ನಿಜಾಮನಿಗೆ ಬಂದಿದ್ದ ಸೀಮೆಗಳು ಕಂಪನಿಗೆ ಸೇರಿದುವು. ರೈತನಿಗೆ ಸುದ್ದಿಯಿಲ್ಲ, ಪಾಳೆಯಗಾರನಿಗೆ ಕೇಳಿಕೆಯಿಲ್ಲ. ಕರಾರನ್ನು ಕುದುರಿಸಿದ ರೆಸಿಡೆಂಟನು ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್. ಇವನು ಕೆಂಪು ಕೋಟಿನ ದೊರೆಯಲ್ಲ. ಹೈದರಾಬಾದಿನ ಅಮೀರರಂತೆ ಉಡುಗೆ ತೊಟ್ಟು, ಹುಕ್ಕಾ ಸೇದಿ, ಅಲ್ಲಿಯ ಕುಲೀನ ಮನೆತನದ ಖೈರುನ್ನಿಸಾ ಎಂಬವಳನ್ನು ಮದುವೆಯಾಗಿದ್ದವನು. ನಮ್ಮವರಂತೆಯೇ ತೋರುತ್ತ ನಮ್ಮ ಭೂಮಿಯನ್ನು ಬರೆಯಿಸಿಕೊಂಡವನು. ಅವನ ಹಿಂದೆ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯು. ಅರ್ಲನ ಮಗ, ತಾನೂ ಮಾರ್ಕ್ವಿಸ್ ಪದವಿಯನ್ನು ಪಡೆದವನು. ಇವರಿಬ್ಬರಲ್ಲಿ ಒಬ್ಬರೂ ಈ ಸೀಮೆಯಲ್ಲಿ ಒಂದು ಗುಂಡನ್ನು ಹಾರಿಸಲಿಲ್ಲ.

ಕರಾರಾದ ಮೇಲೆ ಬಂದವನು ಥಾಮಸ್ ಮನ್ರೋ. ಗ್ಲಾಸ್ಗೋ ನಗರದ ವರ್ತಕನ ಮಗ. 1800ರಿಂದ 1807ರವರೆಗೆ ಇಲ್ಲಿಯ ಪ್ರಧಾನ ಕಲೆಕ್ಟರು. ಡೇರೆಗಳಲ್ಲಿ ವಾಸಮಾಡಿ ಹಳ್ಳಿಹಳ್ಳಿಗೆ ತಿರುಗಿ, ಹೊಲಹೊಲವನ್ನು ಅಳೆಯಿಸಿ ರೈತವಾರಿ ಪದ್ಧತಿಯನ್ನು ಬೇರೂರಿಸಿದವನು. ಸುಮಾರು 80 ಮಂದಿ ಪಾಳೆಯಗಾರರನ್ನು ಅಡಗಿಸಿದವನೂ ಅವನೇ. ಕಂದಾಯವು ಭಾರವಾಗಿದೆ, ನಾಲ್ಕನೆಯ ಒಂದು ಪಾಲು ಇಳಿಸಬೇಕೆಂದು ಮೇಲಧಿಕಾರಿಗಳಿಗೆ ಬರೆದವನೂ ಅವನೇ. 1827ರಲ್ಲಿ ಮದರಾಸಿನ ಗವರ್ನರನಾಗಿದ್ದು ಇದೇ ಸೀಮೆಯ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ಸತ್ತಾಗ ಜನರು ಅತ್ತರೆಂಬುದೂ, ಮಕ್ಕಳಿಗೆ ಅವನ ಹೆಸರನ್ನಿಟ್ಟರೆಂಬುದೂ ಸುಳ್ಳಲ್ಲ. ಇಂಥವನನ್ನು ರಂಗದ ಮೇಲೆ ಹೇಗೆ ತರುವಿರಿ? ಕಿರಾತನೆಂದೆ? ಸಂತನೆಂದೆ? ಒಳ್ಳೆಯವನೊಬ್ಬನು ನ್ಯಾಯವಲ್ಲದ ಆಳ್ವಿಕೆಯನ್ನು ಸಹ್ಯವಾಗುವಂತೆ ಮಾಡಿ, ಆ ಮೂಲಕವೇ ಅದನ್ನು ನೂರೈವತ್ತು ವರ್ಷ ನಿಲ್ಲಿಸಿದನೆಂಬುದು ಅಲ್ಲಿಯ ದುರಂತ. ಈ ದುರಂತವನ್ನು ಬರೆಯತಕ್ಕ ನಾಟಕಕಾರನು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕಾಗಿದೆ.

ನಮ್ಮವರನ್ನು ಇಷ್ಟು ಬೈದ ಮೇಲೆ, ಹೊರಗಿನವರ ಸುಳ್ಳನ್ನು ಮೆಚ್ಚಿದೆನೆಂದು ಯಾರೂ ತಿಳಿಯಬಾರದು. ಓದಿದ ನಮ್ಮ ತರುಣರಲ್ಲಿ ಕೆಲವರು ಈಚೆಗೆ ಇಂಗ್ಲಿಷ್ ಧಾರಾವಾಹಿಗಳನ್ನು ನೋಡಿ, ಅಲ್ಲಿ ಪಾತ್ರಗಳು ಎಷ್ಟು ಸೂಕ್ಷ್ಮವೆಂದು ಬೆರಗಾಗುವುದುಂಟು. ಉಡುಪು ಸೂಕ್ಷ್ಮ, ಮಾತು ಸೂಕ್ಷ್ಮ, ನಿಜ. ಆದರೆ ಲೆಕ್ಕವು? 2010ರಿಂದ 2015ರವರೆಗೆ ಬಂದ ಡೌನ್‌ಟನ್ ಆಬಿ ಎಂಬುದರಲ್ಲಿ ಒಬ್ಬ ಅರ್ಲನ ಮನೆಯುಂಟು. ಯಜಮಾನನು ಆಳುಗಳ ಕಷ್ಟಕ್ಕೆ ಮರುಗುವನು, ಆಳುಗಳು ಯಜಮಾನನ ಗೌರವಕ್ಕೆ ಪ್ರಾಣ ಕೊಡುವರು. ಆ ಕಾಲದ ಇಂಗ್ಲೆಂಡಿನ ಕೈಕೆಳಗೆ ಭೂಮಿಯ ಕಾಲುಭಾಗವಿದ್ದಿತೆಂಬ ನೆನಪೇ ಆ ಊಟದ ಮೇಜಿನ ಬಳಿ ಹೆಚ್ಚಾಗಿ ಸುಳಿಯುವುದಿಲ್ಲ. 2016ರಿಂದ 2023ರವರೆಗೆ ಬಂದ ದಿ ಕ್ರೌನ್ ಎಂಬುದರಲ್ಲಿ ಮೌಂಟ್‌ಬ್ಯಾಟನ್ನನು ರಾಜಮನೆತನದ ಹಿರಿಯ, ತರುಣ ರಾಜಕುಮಾರನಿಗೆ ಬುದ್ಧಿ ಹೇಳುವ ಅಜ್ಜ. 1947ರಲ್ಲಿ ಪಂಜಾಬಿನಲ್ಲಿಯೂ ಬಂಗಾಳದಲ್ಲಿಯೂ ಮನೆಮಠ ಕಳೆದುಕೊಂಡ ಲಕ್ಷೋಪಲಕ್ಷ ಜನರಿಗೆ ಅವನು ಬೇರೆಯೇ ಆಗಿದ್ದನು.

ಇನ್ನೂ ಜಾಣತನದ ಸುಳ್ಳೊಂದುಂಟು. 1984ರಲ್ಲಿ ಬಂದ ದಿ ಜ್ಯುವೆಲ್ ಇನ್ ದಿ ಕ್ರೌನ್ ಎಂಬುದು ಪಾಲ್ ಸ್ಕಾಟನ ಕಾದಂಬರಿಗಳ ಮೇಲೆ ಕಟ್ಟಿದ ಧಾರಾವಾಹಿ. ಭಾರತದಲ್ಲಿ ಇಂಗ್ಲಿಷರ ಕಡೆಯ ವರ್ಷಗಳ ಕಥೆ. ಅದರಲ್ಲಿ ಅನ್ಯಾಯವನ್ನು ಮರೆಮಾಚಿಲ್ಲ. ಆದರೆ ಆ ಅನ್ಯಾಯವೆಲ್ಲ ಮೆರಿಕ್ ಎಂಬ ಒಬ್ಬ ಪೊಲೀಸ್ ಅಧಿಕಾರಿಯಲ್ಲಿ ಗೂಡುಕಟ್ಟಿದೆ; ಅವನು ದೊಡ್ಡ ಮನೆತನದವನಲ್ಲ, ಸಾಮಾನ್ಯರ ಮಗ. ಕುಲೀನರಾದವರು ಹೆಚ್ಚಾಗಿ ನೋಡಿ ನೊಂದುಕೊಳ್ಳುವವರು. ನಾವು ಥ್ಯಾಕರೆಯೊಬ್ಬನ ಮೇಲೆ ಎಲ್ಲವನ್ನೂ ಹೊರಿಸಿ ಎಲ್ಫಿನ್‌ಸ್ಟನ್ನನನ್ನು ಬಿಟ್ಟುಬಿಟ್ಟಂತೆಯೇ ಇದೂ ಆಯಿತು. ನಮ್ಮ ಸುಳ್ಳೂ ಅವರ ಸುಳ್ಳೂ ಅಣ್ಣತಮ್ಮಂದಿರು ಎಂದು ನಾನು ಹೇಳುವುದು ಇದಕ್ಕೇ. ಮೇಜಿನ ಹಿಂದೆ ಕುಳಿತವನು ಎರಡರಲ್ಲಿಯೂ ತಪ್ಪಿಸಿಕೊಳ್ಳುತ್ತಾನೆ.

ಇಂಗ್ಲಿಷರಿಗೆ ತಮ್ಮ ದೊರೆಗಳನ್ನು ನೇರವಾಗಿ ನೋಡುವ ಶಕ್ತಿಯೇ ಇಲ್ಲವೆಂದಲ್ಲ. ಕಿತ್ತೂರಿನಲ್ಲಿ ಸತ್ತ ಥ್ಯಾಕರೆಯ ಅಣ್ಣತಮ್ಮಂದಿರಲ್ಲಿ ಒಬ್ಬನ ಮಗನೇ ಪ್ರಸಿದ್ಧ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವನು. ಅವನ ವ್ಯಾನಿಟಿ ಫೇರ್ ಎಂಬ ಕಾದಂಬರಿಯಲ್ಲಿ ಕಂಪನಿಯ ಕಲೆಕ್ಟರನೊಬ್ಬನಿದ್ದಾನೆ. ದಪ್ಪನೆಯ ಮೈ, ಅಂಜುಬುರುಕ, ಒಣ ಡಂಭದವನು. ಲಾರ್ಡುಗಳನ್ನಂತೂ ಅವನು ಇನ್ನೂ ಹರಿತವಾಗಿ ಪರಿಹಾಸ ಮಾಡಿದ್ದಾನೆ. ದೊರೆಯ ಮನೆಯಲ್ಲಿಯೇ ಹುಟ್ಟಿದವನು ದೊರೆಯನ್ನು ಮನುಷ್ಯನನ್ನಾಗಿ ಕಂಡು ನಗಬಲ್ಲವನಾದನು. ನೂರೆಪ್ಪತ್ತೈದು ವರ್ಷಗಳ ಮೇಲೆ ಅಲ್ಲಿಯ ಟೆಲಿವಿಷನ್ನು ಆ ಕಣ್ಣನ್ನು ಕಳೆದುಕೊಂಡು, ಹಳೆಯ ಬಂಗಲೆಗಳ ಅಂದಕ್ಕೆ ಮರುಳಾಗಿದೆ.

ಇನ್ನು ಪೂರ್ವಪಕ್ಷ. ಮೊದಲನೆಯದಾಗಿ, ನಾಟಕವು ಚರಿತ್ರೆಯಲ್ಲ, ಕಲ್ಪನೆಗೆ ಅವಕಾಶ ಬೇಕೆನ್ನುವರು. ಅವಶ್ಯವಾಗಿ ಬೇಕು. 1990ರಲ್ಲಿ ಟಿಪ್ಪುಸುಲ್ತಾನನ ಧಾರಾವಾಹಿಯು ದೂರದರ್ಶನದಲ್ಲಿ ಬಂದಾಗ, ಇದು ಕಾದಂಬರಿಯ ಆಧಾರದ ಕಲ್ಪಿತ ಕಥೆಯೆಂಬ ಸೂಚನೆಯನ್ನು ತೋರಿಸಬೇಕಾಯಿತು. ಆದರೆ ಕಲ್ಪನೆಯೆಂದರೆ ಇಲ್ಲದುದನ್ನು ಸೇರಿಸುವ ಹಕ್ಕು. ಇರುವುದರ ತಿರುಳನ್ನು ತೆಗೆದುಹಾಕುವ ಹಕ್ಕಲ್ಲ. ಗಿರೀಶ ಕಾರ್ನಾಡರು ಟಿಪ್ಪುವಿನ ಕನಸುಗಳ ನಾಟಕದಲ್ಲಿ ಕರ್ನಲ್ ಮೆಕೆಂಜಿಯನ್ನೂ ಟಿಪ್ಪುವಿನ ಆಸ್ಥಾನದ ಕಿರ್ಮಾನಿಯನ್ನೂ ಎದುರುಬದುರಾಗಿ ಕೂರಿಸಿ ಮಾತನಾಡಿಸಿದರು. ಅದೂ ಕಲ್ಪನೆಯೇ, ಅಲ್ಲಿಯ ಇಂಗ್ಲಿಷನು ಕೂಗುವುದಿಲ್ಲ, ಚರಿತ್ರೆಯನ್ನು ಕೂಡಿಸುತ್ತಾನೆ.

ಎರಡನೆಯದಾಗಿ, ಶತ್ರುವನ್ನು ಮನುಷ್ಯನಂತೆ ತೋರಿಸಿದರೆ ದೇಶಭಕ್ತಿಯು ಕಡಿಮೆಯಾದೀತೆನ್ನುವರು. ಇದು ದೇಶಭಕ್ತಿಗೆ ಮಾಡುವ ಅವಮಾನ. 2022ರ ಆರ್. ಆರ್. ಆರ್. ಎಂಬ ತೆಲುಗು ಚಿತ್ರದಲ್ಲಿ ಗವರ್ನರನು ಗುಂಡಿನ ಬೆಲೆಯನ್ನು ಲೆಕ್ಕಹಾಕಿ, ಅದನ್ನು ಉಳಿಸಲು ಹೆಂಗಸೊಬ್ಬಳನ್ನು ಮರದ ಕೊರಡಿನಿಂದ ಹೊಡೆಸುವನು. ನೋಡಿದವರ ರಕ್ತವು ಕುದಿಯಿತು, ನಿಜ. ಆದರೆ ಚಿತ್ರಮಂದಿರದಿಂದ ಹೊರಬರುವಷ್ಟರಲ್ಲಿ ಆ ಕುದಿತವು ಆರುವುದು. ಏಕೆಂದರೆ ಅಂಥ ಮನುಷ್ಯನನ್ನು ಯಾರೂ ತಮ್ಮ ಬಾಳಿನಲ್ಲಿ ಕಂಡಿಲ್ಲ. ಮೃದುವಾಗಿ ನಕ್ಕು ಕಾಗದವನ್ನು ಮುಂದಕ್ಕೆ ನೂಕುವವನನ್ನು ಎಲ್ಲರೂ ಕಂಡಿದ್ದಾರೆ.

ಮೂರನೆಯದಾಗಿ, ಮೇಜಿನ ಸುತ್ತಣ ಮಾತುಕತೆಯನ್ನು ಜನರು ನೋಡರೆನ್ನುವರು. 2024ರಲ್ಲಿ ಬಂದ ಫ್ರೀಡಂ ಅಟ್ ಮಿಡ್‌ನೈಟ್ ಎಂಬ ಹಿಂದಿಯ ಧಾರಾವಾಹಿಯು ಅಧಿಕಾರದ ಹಸ್ತಾಂತರದ ಮಾತುಕತೆಯನ್ನೇ ಕಥೆಯ ನಡುವೆ ಇರಿಸಿಕೊಂಡಿತು, ಜನರು ನೋಡಿದರು. ಸರ್ ಸಿರಿಲ್ ರ‍್ಯಾಡ್‌ಕ್ಲಿಫ್ ಎಂಬ ವಕೀಲನು 1947ರ ಜುಲೈ ತಿಂಗಳಲ್ಲಿ ಮೊದಲನೆಯ ಬಾರಿಗೆ ಈ ದೇಶಕ್ಕೆ ಬಂದು, ಐದೇ ವಾರಗಳಲ್ಲಿ ಎರಡು ಪ್ರಾಂತಗಳನ್ನು ಗೆರೆಯೆಳೆದು ಸೀಳಿದನು. ಅವನು ಯಾರನ್ನೂ ಹೊಡೆಯಲಿಲ್ಲ, ಯಾರಿಗೂ ಕೂಗಲಿಲ್ಲ. ಅದಕ್ಕಿಂತ ಭಯಾನಕವಾದ ಅಂಕವನ್ನು ಯಾವ ಖಳನ ಅಟ್ಟಹಾಸವು ಕೊಟ್ಟೀತು?

ಕಾಗದಕ್ಕೆ ಕಾಗದದಿಂದಲೇ ಉತ್ತರಕೊಟ್ಟು ಗೆದ್ದ ಕಥೆಯೂ ನಮ್ಮಲ್ಲಿ ಇಲ್ಲದಿಲ್ಲ. 1831ರಲ್ಲಿ ಡ್ಯೂಕನೊಬ್ಬನ ಮಗನಾದ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡನು. ಮಹಾರಾಜರು ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಮನವಿಯ ಮೇಲೆ ಮನವಿಯನ್ನು ಬರೆದರು. 1865ರಲ್ಲಿ ದತ್ತು ತೆಗೆದುಕೊಂಡರು. ಲಂಡನ್ನಿನವರೆಗೆ ವಾದವನ್ನು ಮುಟ್ಟಿಸಿದರು. 1867ರಲ್ಲಿ ದತ್ತಕವು ಮಾನ್ಯವಾಯಿತು. 1881ರಲ್ಲಿ ರಾಜ್ಯವು ಆ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ಕಿತ್ತೂರಿಗೆ 1824ರಲ್ಲಿಯೂ, ನರಗುಂದಕ್ಕೆ ಮುಂದೆಯೂ ನಿರಾಕರಿಸಲ್ಪಟ್ಟ ದತ್ತಕದ ಹಕ್ಕನ್ನು ಮೈಸೂರು ಲೇಖನಿಯಿಂದ ಗೆದ್ದುಕೊಂಡಿತು. ಮುದ್ರಾಮಂಜೂಷವು ಹುಟ್ಟಿದುದು ಇದೇ ಮಹಾರಾಜರ ಆಳಿಕೆಯಲ್ಲಿ ಎಂಬುದನ್ನು ನೆನೆದರೆ, ಓದು ವ್ಯರ್ಥವಾಗಲಿಲ್ಲವೆಂದು ಹೇಳಬೇಕೆನಿಸುವುದು. ಈ ಗೆಲವಿನ ಮೇಲೆ ಮನೆಮಾತಾದ ನಾಟಕವೊಂದು ನಮ್ಮಲ್ಲಿ ಎಲ್ಲಿದೆ? ಕತ್ತಿಯಿಲ್ಲದ ಗೆಲವನ್ನು ಗೆಲವೆಂದು ನಾವು ಎಣಿಸುವುದೇ ಇಲ್ಲ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದವನಾದುದರಿಂದ, ಈ ವಿಷಯವು ನನಗೆ ಬರಿಯ ಸಾಹಿತ್ಯದ ವಿಷಯವಲ್ಲ. ಆಗಸ್ಟ್ 15 ಬಂದಿತೆಂದರೆ ಊರೂರಿನ ಶಾಲೆಯಲ್ಲಿ ಒಬ್ಬ ಹುಡುಗನಿಗೆ ರಟ್ಟಿನ ಟೊಪ್ಪಿಗೆಯಿಟ್ಟು ದೊರೆಯ ವೇಷ ಹಾಕುವರು. ಅವನು ಕೂಗುವನು, ಹುಡುಗಿಯೊಬ್ಬಳು ಉತ್ತರಿಸುವಳು, ಊರವರು ನಗುವರು. ಆ ಮಕ್ಕಳೆಲ್ಲ ಕಲಿಯುವುದೇನು? ಅನ್ಯಾಯ ಮಾಡುವವನು ಕೂಗುತ್ತಾನೆ. ಕೂಗದವನು ಅನ್ಯಾಯ ಮಾಡುವವನಲ್ಲ. ಈ ಪಾಠವನ್ನು ಕಲಿತ ಹುಡುಗನು ಬೆಳೆದು ರೈತನಾಗುವನು. ಒಂದು ದಿನ ಅವನ ಹೊಲಕ್ಕೆ ಯಾರೋ ಬರುವರು. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು, 'ಅಣ್ಣಾ' ಎಂಬ ಸಂಬೋಧನೆ, ಕೈಯಲ್ಲಿ ಇಪ್ಪತ್ತು ಪುಟದ ಇಂಗ್ಲಿಷ್ ಕರಾರು. ಬಂದವನು ಕಂಪನಿಯವನಾಗಿರಲಿ, ಸಾಲ ಕೊಡುವವನಾಗಿರಲಿ, ಚುನಾವಣೆಗೆ ನಿಂತವನಾಗಿರಲಿ, ಒಳ್ಳೆಯವನೇ ಆಗಿರಬಹುದು, ಆಗಿಲ್ಲದೆಯೂ ಇರಬಹುದು. ಅದನ್ನು ತಿಳಿಯುವ ಕಣ್ಣನ್ನು ನಾವು ಆ ಹುಡುಗನಿಗೆ ಕೊಟ್ಟೆವೆ? ಅವನು ಕೂಗಿಗಾಗಿ ಕಾಯುತ್ತಾನೆ. ಕೂಗು ಕೇಳಿಸುವುದಿಲ್ಲ. ರುಜು ಹಾಕುತ್ತಾನೆ. 1800ರಲ್ಲಿ ನಮ್ಮನ್ನು ಕೇಳದೆ ನಮ್ಮ ಭೂಮಿಯನ್ನು ಬರೆದುಕೊಟ್ಟರು. ಈಗ ನಾವೇ ಓದದೆ ಬರೆದುಕೊಡುವಂತಾದರೆ, ಸ್ವಾತಂತ್ರ್ಯವು ಬಂದುದರ ಪ್ರಯೋಜನವೇನು?

ಆದುದರಿಂದ ನಮ್ಮ ನಾಟಕಕಾರರಲ್ಲಿಯೂ ಶಾಲೆಯ ಉಪಾಧ್ಯಾಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ. ಕಿತ್ತೂರಿನ ನಾಟಕವನ್ನು ಬಿಡಬೇಡಿರಿ. ಅದಕ್ಕೆ ಒಂದು ಅಂಕವನ್ನು ಸೇರಿಸಿರಿ. ರಂಗದ ಮೇಲೆ ಮೂರು ಮೇಜುಗಳನ್ನಿಡಿರಿ: ಒಂದು ಧಾರವಾಡ, ಒಂದು ಪುಣೆ, ಒಂದು ಮುಂಬಯಿ. ಮೂವರು ದೊರೆಗಳೂ ಒಳ್ಳೆಯ ಕನ್ನಡದಲ್ಲಿಯೇ ಮಾತನಾಡಲಿ; ದೊಡ್ಡಾಟದ ರಾವಣನು ಲಂಕೆಯ ಭಾಷೆಯನ್ನಾಡುವುದಿಲ್ಲವಷ್ಟೆ. ದತ್ತಕದ ಕಾಗದವು ಮೇಜಿನಿಂದ ಮೇಜಿಗೆ ಹೋಗಲಿ. ಪ್ರತಿಯೊಬ್ಬನೂ ವಿನಯದಿಂದ, ನ್ಯಾಯದ ಹೆಸರಿನಲ್ಲಿ, ಒಂದೊಂದು ಸಂಶಯವನ್ನು ಅದರ ಮೇಲೆ ಬರೆಯಲಿ. ಕಡೆಗೆ ಖಜಾನೆಗೆ ಮುದ್ರೆ ಬೀಳುವ ಸದ್ದೊಂದು ಕೇಳಿಸಲಿ. ಆಮೇಲೆ ಚೆನ್ನಮ್ಮನು ರಂಗಕ್ಕೆ ಬರಲಿ. ಆಗ ಅವಳು ಏತಕ್ಕಾಗಿ ಕತ್ತಿಯನ್ನು ಹಿರಿದಳೆಂಬುದು ಊರವರಿಗೆ ತಿಳಿದೀತು, ಅವಳ ಎತ್ತರವೂ ತಿಳಿದೀತು. ಇಂಥ ಒಂದು ಅಂಕವನ್ನು ನಮ್ಮ ಹೋಬಳಿಯ ಯಾವ ಶಾಲೆಯವರು ಆಡಿಸಿದರೂ, ಸಂಭಾಷಣೆಯನ್ನು ತಿದ್ದಿಕೊಡಲು ತೆಲಿಗಿಯಲ್ಲಿ ಈ ಮುದುಕನು ಸಿದ್ಧನಿದ್ದಾನೆ.